ಏರುಗಾಡಿಗೆ ಹಳೆಯದು ಆಗದು

ನಮ್ಮೂರಿನ ಏರುಗಾಡಿಯಲ್ಲಿ ಕೂತವರು ಎಷ್ಟು ಬೇಕಾದರೂ ಮಾತಾಡಬಹುದು, ಜಗಳ ಆಡಬಹುದು, ನಿದ್ದೆ ಬಂದರೆ ಪಕ್ಕದವರ ಹೆಗಲ ಮೇಲೆ ಗೊರಕೆ ಹೊಡೆಯಬಹುದು. ಗುನುಗಬಾರದು, ಅಷ್ಟೇ. ಮದುವೆ ಮುಗಿಸಿಕೊಂಡು ಬರುವ ಹೆಂಗಸರು ಗಾಡಿ ಹತ್ತುವ ಮೊದಲು ಬಾಯಿ ತುಂಬ ಎಲೆಅಡಿಕೆ ಹಾಕಿಕೊಳ್ಳುವುದು ಅದಕ್ಕೇ. ಕೈಕೂಸು ರಾಗ ಎಳೆಯಲು ಶುರುಮಾಡಿದರೆ ತಾಯಂದಿರು ಗಡಬಡಿಸಿ ಅದನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ. ಗಾಡಿಯ ಕಿವಿಗೆ ಒಮ್ಮೆ ಬಿದ್ದ ರಾಗ ಗಾಡಿಯನ್ನು ಮತ್ತೆ ಎಳೆಯುವುದಿಲ್ಲ. ಯಾರಾದರೂ ಹೊಸದಾಗಿ ಏನನ್ನಾದರೂ ನುಡಿಸುತ್ತಿರುವಷ್ಟು ಹೊತ್ತು ಅದು ಕೆಳಪೇಟೆಯಿಂದ ಮೇಲ್ಪೇಟೆಗೆ ಹತ್ತುತ್ತದೆ, ಮೇಲ್ಪೇಟೆಯಿಂದ ಕೆಳಪೇಟೆಗೆ ಇಳಿಯುತ್ತದೆ. ನುಡಿಸಿದ್ದನ್ನೇ ನುಡಿಸಿದರೆ ನಿಲ್ಲುತ್ತದೆ. ಹಗ್ಗವಿಲ್ಲ, ಎಂಜಿನ್ನೂ ಇಲ್ಲ. ಯಾಕೆ ಹೀಗೆ ಅಂತ ಕೇಳುವವರೆಲ್ಲ ಪರವೂರಿನವರು. ನಮಗೆ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಿ ಮನೆಗೆ ಬಂದರೆ ಸಾಕು.

ನಾನು ಗಾಡಿ ನಡೆಸಬೇಕೆಂದು ಆಸೆಪಟ್ಟ ಕಾಲದಲ್ಲಿ ಅದರ ಪೀಠದ ಮೇಲೆ ಲಾಜರ್ ಮೇಷ್ಟ್ರು ಕೂರುತ್ತಿದ್ದರು. ಪೀಠ ಪ್ರಯಾಣಿಕರ ಕಡೆಗೆ ಮುಖ ಮಾಡಿದೆ. ದಾರಿ ನೋಡುವುದು ಹಳಿಗಳ ಕೆಲಸ, ನಡೆಸುವವರದಲ್ಲ. ಮೇಷ್ಟ್ರು ಬಿಳಿ ಷರಟಿನ ತೋಳು ಮಡಿಸಿ, ಟ್ರಂಪೆಟ್ಟನ್ನು ಒಮ್ಮೆ ಪಂಚೆಗೆ ಒರೆಸಿ, ಎದುರಿಗೆ ಕೂತವರ ಮುಖ ನೋಡುತ್ತ ಶುರುಮಾಡಿದರೆ ಗಾಡಿ ಮೆಲ್ಲಗೆ ಹೊರಡುತ್ತಿತ್ತು. ತಾವು ನುಡಿಸುವುದನ್ನು ಅವರು ಬ್ಲೂಸ್ ಅನ್ನುತ್ತಿದ್ದರು, ಹುರುಪಿನಲ್ಲಿದ್ದ ದಿನ ಜಾಝ್ ಅನ್ನುತ್ತಿದ್ದರು. ಊರವರಿಗೆ ಎರಡೂ ಒಂದೇ, ಗಾಡಿಪದ. ಅಂಥವರ ಮುಂದಿನ ಹಲ್ಲುಗಳು ಅಲ್ಲಾಡತೊಡಗಿದವು. ಟ್ರಂಪೆಟ್ ಊದುವವರಿಗೆ ತುಟಿಯ ಹಿಂದೆ ಹಲ್ಲಿನ ಆಸರೆ ಬೇಕು, ಇಲ್ಲದಿದ್ದರೆ ಉಸಿರೆಲ್ಲ ಪುಸ್ಸೆಂದು ಹೋಗುತ್ತದೆ. ಮೇಷ್ಟ್ರು ಚಕ್ಕುಲಿ ಬಿಟ್ಟರು, ಕಬ್ಬು ಬಿಟ್ಟರು, ಕೊನೆಗೆ ರೊಟ್ಟಿಯನ್ನೂ ಸಾರಿನಲ್ಲಿ ನೆನೆಸಿಕೊಂಡು ತಿನ್ನತೊಡಗಿದಾಗ ಎರಡು ಪೇಟೆಗಳಿಗೂ ದಿಗಿಲಾಯಿತು. ಮೆಟ್ಟಿಲುಗಳಿವೆ, ಇಲ್ಲವೆಂದಲ್ಲ. ಆದರೆ ಅಷ್ಟೊಂದು ಮೆಟ್ಟಿಲು ಹತ್ತಿ ಸುಸ್ತಾದವರಿಗೆ ತಾವು ಯಾಕೆ ಬಂದೆವೆಂಬುದೇ ಮರೆತುಹೋಗಿರುತ್ತದೆ.

ನನಗೆ ದಿಗಿಲಾಗಲಿಲ್ಲ. ನಾನಿದ್ದೇನಲ್ಲ ಅಂದುಕೊಂಡೆ. ನನ್ನ ಹೆಸರು ಸಂಪಂಗಿ. ಕೆಳಪೇಟೆಯ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದೆ. ನಮ್ಮ ತಾತ ಓಲಗದವರು. ಬೆಳಗಿನ ಹೊತ್ತು ದೇವಸ್ಥಾನದ ಬಾಗಿಲಲ್ಲಿ ಕೂತು ಮನಸ್ಸಿಗೆ ತೋಚಿದ ಹಾಗೆ ರಾಗ ಬೆಳೆಸುತ್ತಿದ್ದರಂತೆ. ಅಪ್ಪನ ಕಾಲಕ್ಕೆ ಓಲಗ ಹೋಗಿ ಬ್ಯಾಂಡ್ ಬಂತು. ಬ್ಯಾಂಡಿನಲ್ಲಿ ಮನಸ್ಸಿಗೆ ತೋಚಿದ್ದು ನುಡಿಸಿದರೆ ಮೆರವಣಿಗೆಯ ಕುದುರೆ ಬೆದರುತ್ತದೆ. ಕಲಿತದ್ದನ್ನು ಕಲಿತ ಹಾಗೆ ನುಡಿಸಬೇಕು. ಅದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಒಂದು ಸಲ ಕೇಳಿದರೆ ಸಾಕು, ಬಾಯಿಪಾಠ. ಸಂಪಂಗಿ ಒಂದು ಸ್ವರ ತಪ್ಪಿದಳು ಅಂತ ಹೇಳುವವರು ಕೆಳಪೇಟೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಇದು ಜಂಬವಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಜಂಬವೂ ಇತ್ತು, ಅದು ಬೇರೆ ವಿಷಯ. ಬ್ಯಾಂಡಿನವರು ಎಷ್ಟೇ ಚೆನ್ನಾಗಿ ನುಡಿಸಲಿ, ಜನ ನೋಡುವುದು ಮದುಮಗನನ್ನು. ಗಾಡಿಯಲ್ಲಿ ಎಲ್ಲರೂ ನಡೆಸುವವರನ್ನೇ ನೋಡುತ್ತಾರೆ. ಊರಿಗೆ ಊರೇ ನನ್ನ ಉಸಿರಿನ ಮೇಲೆ ಹತ್ತಿ ಇಳಿಯಬೇಕು ಅನ್ನುವುದು ನನ್ನ ಆಸೆಯಾಗಿತ್ತು. ಬೇರೆ ಯಾವುದನ್ನೂ ನಾನು ಅಷ್ಟು ಆಸೆಪಟ್ಟಿಲ್ಲ.

ಮೇಷ್ಟ್ರ ಹತ್ತಿರ ಹೋಗಿ ಕೇಳಿದೆ. "ಕೂತ್ಕೊ, ನೋಡೋಣ" ಅಂದರು. ಗಾಡಿ ಖಾಲಿಯಿತ್ತು. ಎಷ್ಟೋ ವರ್ಷಗಳಿಂದ ಅದೇ ಗಾಡಿಯಲ್ಲಿ ಓಡಾಡಿದವಳು ನಾನು. ಮೇಷ್ಟ್ರು ನುಡಿಸಿದ್ದೆಲ್ಲ ನನ್ನ ತಲೆಯಲ್ಲಿ ಭದ್ರವಾಗಿತ್ತು. ಕೇಳಿದ್ದು ಎಳೆಯುವುದಿಲ್ಲ ಅಂತ ಗೊತ್ತಿದ್ದರೂ, ವಾದ್ಯ ಬೇರೆ, ಇಷ್ಟು ಚೆನ್ನಾಗಿ ನುಡಿಸಿದರೆ ಯಾಕೆ ಎಳೆಯಬಾರದು ಅಂದುಕೊಂಡೆ. ಅದರಲ್ಲಿ ಅತ್ಯುತ್ತಮವಾದದ್ದನ್ನು, ಒಂದು ಬೇಸಿಗೆಯಲ್ಲಿ ಇಡೀ ಗಾಡಿ ಚಪ್ಪಾಳೆ ಹೊಡೆದದ್ದನ್ನು ಆರಿಸಿ, ಕೂದಲೆಳೆಯಷ್ಟೂ ಆಚೀಚೆಯಾಗದ ಹಾಗೆ ನುಡಿಸಿದೆ. ಗಾಡಿ ಮಿಸುಕಲಿಲ್ಲ. ಇನ್ನೊಂದು ನುಡಿಸಿದೆ. ಕೀಲು ಕೂಡ ಕಿರುಗುಟ್ಟಲಿಲ್ಲ. ಮೇಷ್ಟ್ರು ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಹಲ್ಲುನೋವೇನೋ ಅಂದುಕೊಂಡರೆ, ನಗು.

"ಚೆನ್ನಾಗಿ ನುಡಿಸ್ತೀಯ ಕಣಮ್ಮ. ನಾನೇ ನುಡಿಸಿದಂಗಿತ್ತು."

"ಮತ್ತೆ ಗಾಡಿಗೇನು ಬಂತು ರೋಗ?"

"ಅದಕ್ಕೆ ನಾನು ಒಬ್ಬ ಸಾಕಾಗಿದೀನಿ. ಇನ್ನೊಬ್ಬ ಲಾಜರು ಬೇಡ. ಸಂಪಂಗಿ ಇದ್ರೆ ಕರಕೊಂಡು ಬಾ."

ಮುಖಕ್ಕೆ ಮಂಗಳಾರತಿಯಾದರೂ ನಾನು ಮರುದಿನ ಮತ್ತೆ ಹೋದೆ. ಆ ದಿನದಿಂದ ಪಾಠ ಶುರುವಾಯಿತು. ಮಧ್ಯಾಹ್ನ ಗಾಡಿ ಖಾಲಿಯಾಗುವ ಹೊತ್ತಿನಲ್ಲಿ ನಾನು ಪೀಠದ ಮೇಲೆ, ಮೇಷ್ಟ್ರು ಪಕ್ಕದಲ್ಲಿ. ನಾನು ತಡವರಿಸಿದರೆ ಅವರು ಟ್ರಂಪೆಟ್ ಎತ್ತಿ ಗಾಡಿಯನ್ನು ಕೈಹಿಡಿದು ನಡೆಸುತ್ತಿದ್ದರು. ಮೊದಲು ನನಗೆ ವಾದ್ಯ ಮುಟ್ಟಲು ಬಿಡದೆ ಚಕ್ರದ ಸದ್ದು ಕೇಳಿಸಿದರು. ಅದೇನು ಹೊಸದಲ್ಲ, ನಮ್ಮೂರಿನ ಮಕ್ಕಳು ಕುಂಟಾಬಿಲ್ಲೆ ಆಡುವುದೇ ಆ ಲೆಕ್ಕದಲ್ಲಿ. ಗಾಡಿ ಹೊರಟರೆ ಚಕ್ರಗಳು ಹಳಿಯ ಮೇಲೆ ಗುಂಯ್ ಅನ್ನುತ್ತವೆ, ಒಂದೇ ಸ್ವರವಲ್ಲ, ಮೂರು ನಾಲ್ಕು ಸ್ವರ ಒಟ್ಟಿಗೆ ಕೂಡಿಕೊಂಡ ಒಂದು ಗುಂಪು. ಮೇಷ್ಟ್ರು ಅದನ್ನು ಕಾರ್ಡ್ ಅನ್ನುತ್ತಿದ್ದರು. ಅಂಥವು ಮೂರಿವೆ. ಮೊದಲನೆಯದು ತವರು, ಎರಡನೆಯದು ಅತ್ತೆಮನೆ, ಮೂರನೆಯದು ಸಂತೆ. ಹಿಂದಿನ ಕಾಲದ ಹೆಂಗಸರು ಇಟ್ಟ ಹೆಸರಿರಬೇಕು. ಗಾಡಿ ತವರಿನಲ್ಲಿ ನಾಲ್ಕು ಹೆಜ್ಜೆ ಇಡುತ್ತದೆ, ಅತ್ತೆಮನೆಗೆ ಹೋಗಿ ಎರಡು ಹೆಜ್ಜೆ ಇರುತ್ತದೆ, ಮತ್ತೆ ತವರಿಗೆ ಬಂದು ಎರಡು. ಆಮೇಲೆ ಸಂತೆಯಲ್ಲಿ ಒಂದು, ಬರುವ ದಾರಿಯಲ್ಲಿ ಅತ್ತೆಮನೆಯಲ್ಲಿ ಒಂದು, ಕೊನೆಗೆ ತವರಿನಲ್ಲಿ ಎರಡು ಹೆಜ್ಜೆ ಸುಧಾರಿಸಿಕೊಂಡು ಮತ್ತೆ ಮೊದಲಿಂದ. ಮೇಲ್ಪೇಟೆ ಬರುವವರೆಗೂ ಇದೇ ಸುತ್ತು. ಗಾಡಿ ಖಾಲಿಯಿದ್ದರೆ ಸುತ್ತು ಬೇಗ ಬೇಗ ಬರುತ್ತದೆ, ತುಂಬಿದ್ದರೆ ತುಂಬು ಬಸುರಿಯ ಹಾಗೆ ನಿಧಾನ.

"ನೆಲ ಗಾಡಿದು, ನಡಿಗೆ ನಿಂದು" ಅನ್ನುತ್ತಿದ್ದರು ಮೇಷ್ಟ್ರು. "ಎಲ್ಲಿದೀಯ ಅಂತ ಗೊತ್ತಿರಲಿ, ಎಲ್ಲಿಗೆ ಹೋಗ್ತೀಯ ಅಂತ ಗೊತ್ತಿಲ್ದೆ ಇದ್ರೂ ನಡೆಯುತ್ತೆ."

ನನಗೆ ಅದೇ ಆಗದ ಕೆಲಸ. ಎಲ್ಲಿಗೆ ಹೋಗುತ್ತೇನೆಂದು ಗೊತ್ತಿಲ್ಲದೆ ನಾನು ಮನೆಯ ಹೊಸಿಲು ಕೂಡ ದಾಟಿದವಳಲ್ಲ. ಒಂದು ವಾರ ಅವರು ಒಂದೇ ಸ್ವರ ಕೊಟ್ಟು, ಬೇರೆ ಸ್ವರ ಮುಟ್ಟಿದರೆ ನೋಡು ಅಂದರು. ಒಂದೇ ಸ್ವರದಲ್ಲಿ ಏನು ಹೊಸದು ಮಾಡುವುದು? ಅದನ್ನು ತಟ್ಟಿದೆ, ಎಳೆದೆ, ಕುಕ್ಕಿದೆ, ತಡಮಾಡಿ ಊದಿದೆ, ಆತುರಪಟ್ಟು ಊದಿದೆ. ಗಾಡಿ ಆಮೆಯ ಹಾಗಾದರೂ ಹತ್ತಿತು. ಇನ್ನೊಂದು ವಾರ ಬಾಗಿದ ಸ್ವರ ಕಲಿಸಿದರು, ಅತ್ತ ದುಃಖವೂ ಅಲ್ಲದ ಇತ್ತ ಖುಷಿಯೂ ಅಲ್ಲದ, ಎರಡು ಸ್ವರಗಳ ಸಂದಿಯಲ್ಲಿ ಜಾರುವ ಒಂದು ಜಾಗ. ಅದು ನನಗೆ ಮೊದಲ ದಿನವೇ ಬಂತು. ಓಲಗದವರ ಮನೆಯ ಹುಡುಗಿಗೆ ಸ್ವರ ಬಾಗಿಸುವುದನ್ನು ಹೇಳಿಕೊಡಬೇಕೇ? ಮೇಷ್ಟ್ರೇ ಹುಬ್ಬೇರಿಸಿದರು. ರಿಫ್ ಕಲಿಸಿದರು, ರಿಫ್ ಅಂದರೆ ಬಾಯಿಗೆ ಅಂಟಿಕೊಳ್ಳುವ ಒಂದು ಪುಟ್ಟ ತುಣುಕು, ಒಂದು ಮಾತಿನಷ್ಟು ಉದ್ದ. ಅದನ್ನು ಹಿಡಿದು ಎಳೆದರೆ ಹಾಡು ಹಿಂದೆಯೇ ಬರುತ್ತದೆ ಅನ್ನುತ್ತಿದ್ದರು. ನಾನು ಎಳೆದರೆ ತುಣುಕೇ ಕಿತ್ತು ಕೈಗೆ ಬರುತ್ತಿತ್ತು.

"ನುಡಿಸೋ ಮುಂಚೇನೇ ಮುಂದಿಂದೇನು ಅಂತ ಯೋಚ್ನೆ ಮಾಡ್ತೀಯ. ಅದಕ್ಕೇ ಹಿಂಗಾಗೋದು" ಅಂದರು ಒಂದು ದಿನ.

"ಯೋಚ್ನೆ ಮಾಡ್ದೆ ನುಡಿಸೋಕೆ ನಾನೇನು ಹುಚ್ಚಿಯಾ ಮೇಷ್ಟ್ರೇ?"

"ಮೀನಂಗಡೀಲಿ ಜಗಳ ಆಡ್ತೀಯಲ್ಲ, ಮನೇಲಿ ಬಾಯಿಪಾಠ ಮಾಡ್ಕೊಂಡು ಹೋಗ್ತೀಯಾ?"

ಮೀನಂಗಡಿಯ ವಿಷಯ ಅವರಿಗೆ ಯಾರು ಹೇಳಿದರೋ.

ಪೀಠ ಸಿಗಬೇಕಾದರೆ ಗಾಡಿ ತುಂಬ ಜನರನ್ನು ಕೂರಿಸಿಕೊಂಡು ಒಬ್ಬರೇ ಮೇಲಕ್ಕೆ ಹತ್ತಿಸಬೇಕು. ದಾರಿಯಲ್ಲಿ ಗಾಡಿ ತಡವರಿಸಬಹುದು, ನಿಲ್ಲಲೂಬಹುದು. ಕೂರಬಾರದು. ನಿಂತ ಗಾಡಿ ಏಳೆಂಟು ಉಸಿರಿನಷ್ಟು ಹೊತ್ತು ಕಾಯುತ್ತದೆ. ಅಷ್ಟರಲ್ಲಿ ಹೊಸದೇನೂ ಬರದಿದ್ದರೆ, ಅಥವಾ ನಡೆಸುವವರು ವಾದ್ಯದಿಂದ ಬಾಯಿಯನ್ನೋ ಕೈಯನ್ನೋ ತೆಗೆದರೆ, ಧಸಕ್ಕೆಂದು ಹಳಿಯ ಮೇಲೆ ಕೂತುಬಿಡುತ್ತದೆ. ಯಾರ ವಾದ್ಯಕ್ಕೆ ಒಮ್ಮೆ ಕೂತಿತೋ ಅವರ ವಾದ್ಯಕ್ಕೆ ಅದು ಮತ್ತೆ ಜನ್ಮದಲ್ಲಿ ಏಳುವುದಿಲ್ಲ. ಹಾರ್ಮೋನಿಯಂ ಮಾದಪ್ಪಣ್ಣನಿಗೆ ಹಾಗೇ ಆಗಿತ್ತು. ಎಂಥ ಬೆರಳು ಅವನದು! ಒಂದೇ ಒಂದು ಸಲ ಕೈಕೊಟ್ಟಿತು. ಆವತ್ತಿಂದ ಅವನು ಮಂಡಿ ಹಿಡಿದುಕೊಂಡು ಮೆಟ್ಟಿಲಲ್ಲೇ ಹತ್ತುತ್ತಾನೆ, ಗಾಡಿಯ ಕಡೆಗೆ ತಿರುಗಿಯೂ ನೋಡುವುದಿಲ್ಲ. ನನಗೂ ಅದೇ ಗತಿಯಾದರೆ? ಹಾಗಾಗಿ ನಾನೊಂದು ಉಪಾಯ ಮಾಡಿದೆ. ಮೇಷ್ಟ್ರಿಗೆ ಹೇಳದೆ ಮನೆಯಲ್ಲೇ ಕೂತು ಒಂದು ಪೂರಾ ಹಾಡು ಕಟ್ಟಿದೆ, ಕೆಳಪೇಟೆಯಿಂದ ಮೇಲ್ಪೇಟೆಯವರೆಗೆ ಸಾಕಾಗುವಷ್ಟು. ತವರಿನಲ್ಲಿ ಇದು, ಅತ್ತೆಮನೆಯಲ್ಲಿ ಇದು, ಸಂತೆಯಲ್ಲಿ ಇದು. ದಿನಾ ಬೆಳಿಗ್ಗೆ ಅಡಿಗೆಮನೆಯ ಬಾಗಿಲು ಹಾಕಿಕೊಂಡು ಅನ್ನ ಬೇಯುವಷ್ಟು ಹೊತ್ತು ಅದನ್ನೇ ತಿದ್ದಿ ತೀಡಿ ನುಡಿಸಿದೆ. ಗಾಡಿಗೆ ಬೇಕಾದದ್ದು ಕೇಳದೇ ಇದ್ದದ್ದು ತಾನೇ? ಇದನ್ನು ಅದು ಕೇಳಿಲ್ಲ. ಯಾರಿಗೂ ಮೋಸವಿಲ್ಲ. ಹಾಡು ಮಾತ್ರ ಬಹಳ ಚೆನ್ನಾಗಿತ್ತು, ಈಗಲೂ ಹೇಳುತ್ತೇನೆ.

ನಮ್ಮ ಅಡಿಗೆಮನೆಯ ಗೋಡೆಯಾಚೆ ನಂಜಮಣ್ಣಿಯಕ್ಕನ ಅಡಿಗೆಮನೆ. ಆಕೆ ಸೊಪ್ಪು ಮಾರುವವಳು. ಬೆಳಿಗ್ಗೆ ಮೊದಲ ಗಾಡಿಗೆ ಸೊಪ್ಪಿನ ಬುಟ್ಟಿ ಹೊತ್ತುಕೊಂಡು ಮೇಲ್ಪೇಟೆಗೆ ಹೋಗಿ, ಮಧ್ಯಾಹ್ನ ಬಂದು ಉಂಡು, ಸಂಜೆಯ ವ್ಯಾಪಾರಕ್ಕೆ ಮತ್ತೆ ಹೋಗುತ್ತಾಳೆ. ಮನಸ್ಸು ಒಳ್ಳೆಯದು, ಬಾಯಿ ಸುಮ್ಮನಿರುವುದಿಲ್ಲ. ಆದರೆ ಗೋಡೆಯ ವಿಷಯ ನನಗೆ ಹೊಳೆಯಲೇ ಇಲ್ಲ.

ಒಂದು ದಿನ ಬೆಳಗಿನ ಗಾಡಿ ಹತ್ತಿಸಿ ಇಳಿಸುವಷ್ಟರಲ್ಲಿ ಮೇಷ್ಟ್ರ ದವಡೆ ಬದನೆಕಾಯಿಯ ಹಾಗೆ ಊದಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಬಾಯಿ ತೆಗೆಯಲೂ ಆಗುತ್ತಿರಲಿಲ್ಲ. ಹಲ್ಲಿನ ಡಾಕ್ಟರು ಇರುವುದು ಮೇಲ್ಪೇಟೆಯಲ್ಲಿ. ಕೆಳಗೆ ಗಾಡಿಯ ತುಂಬ ಜನ ಕಾಯುತ್ತಿದ್ದರು, ಹಾಲಿನ ಕ್ಯಾನುಗಳು, ಪೆಟ್ಟಿಗೆ ಹಿಡಿದ ಕ್ಷೌರದ ತಿಮ್ಮಯ್ಯ, ಕೋಳಿ ಕಂಕುಳಲ್ಲಿಟ್ಟುಕೊಂಡ ಒಬ್ಬ ಮುದುಕ, ಸಂಜೆಯ ಕೊತ್ತಂಬರಿಯ ಜೊತೆ ನಂಜಮಣ್ಣಿಯಕ್ಕ. ಮೇಷ್ಟ್ರು ಕೆನ್ನೆಗೆ ಟವೆಲು ಕಟ್ಟಿಕೊಂಡು ಬಂದು, ಪೀಠದ ಕಡೆಗೆ ಬೆರಳು ತೋರಿಸಿ, ಬಾಗಿಲ ಹತ್ತಿರ ನಿಂತುಕೊಂಡರು. ಕೂರಲಿಲ್ಲ. ಒಂದು ವೇಳೆ ಗಾಡಿ ನಿಂತರೂ ಇವತ್ತು ಅವರು ಟ್ರಂಪೆಟ್ ಎತ್ತುವಂತಿರಲಿಲ್ಲ. ಪರೀಕ್ಷೆಗೆ ದಿನ ಗೊತ್ತುಮಾಡುವ ಮೊದಲೇ ಪರೀಕ್ಷೆ ಬಂದು ಎದುರಿಗೆ ನಿಂತಿತ್ತು.

"ಆಗುತ್ತಾ ಸಂಪಂಗಿ?" ಅಂದ ತಿಮ್ಮಯ್ಯ. "ಇಲ್ಲಾಂದ್ರೆ ಹೇಳಿಬಿಡು, ಈಗ್ಲೇ ಮೆಟ್ಟಿಲು ಹಿಡೀತೀವಿ. ಅರ್ಧ ದಾರೀಲಿ ಇಳಿಸ್ಬೇಡ."

"ನೀನು ಗಡ್ಡ ಹೆರೆಯುವಾಗ ನಾನು ನಿನ್ನ ಕೇಳ್ತೀನಾ, ಆಗುತ್ತಾ ಅಂತ? ಕೂತ್ಕೊ" ಅಂದೆ. ಜನ ನಕ್ಕರು. ನನಗೂ ಧೈರ್ಯ ಬಂತು. ಧೈರ್ಯಕ್ಕೇನು ಕಮ್ಮಿ, ಹಾಡು ಸಿದ್ಧವಾಗಿತ್ತಲ್ಲ.

ಮೊದಲ ಸುತ್ತಿಗೆ ನಾನು ಕಟ್ಟಿದ ಹಾಡು ಮುಟ್ಟಲಿಲ್ಲ. ಜಾಣತನ ಮಾಡಿ, ಅದನ್ನು ಕಡಿದಾದ ಜಾಗಕ್ಕೆ ಉಳಿಸಿಕೊಂಡು, ಕಲಿತ ಒಂದೆರಡು ಸ್ವರಗಳಲ್ಲಿ ತಟ್ಟಿ ಕುಟ್ಟಿ ಗಾಡಿಯನ್ನು ಹೊರಡಿಸಿದೆ. ಹೊರಟಿತು. ಭಾರ ಜಾಸ್ತಿಯಿದ್ದುದರಿಂದ ಚಕ್ರಗಳು ನಿಧಾನವಾಗಿ ಗುಂಯ್ಗುಟ್ಟುತ್ತಿದ್ದವು, ತವರು ಮುಗಿಯುವುದೇ ಇಲ್ಲವೇನೋ ಅನ್ನಿಸುವಷ್ಟು. ನಡುದಾರಿಯ ನೀರಿನ ತೊಟ್ಟಿ ದಾಟಿ ಏರು ಕಡಿದಾಯಿತು. ಇನ್ನೊಂದು ಸುತ್ತು ಶುರುವಾಗುತ್ತಿದ್ದಂತೆ ನನ್ನ ಹಾಡನ್ನು ಎತ್ತಿಕೊಂಡೆ. ಎದೆಯುಬ್ಬಿಸಿ, ಕಣ್ಣು ಅರ್ಧ ಮುಚ್ಚಿ, ಎಷ್ಟೋ ಬೆಳಗುಗಳ ಬೆವರನ್ನು ಊದಿದೆ. ಒಂದು ಹೆಜ್ಜೆ, ಎರಡು ಹೆಜ್ಜೆ ಹಿಂದಿನ ಓಟದಲ್ಲೇ ಹೋಯಿತು. ಆಮೇಲೆ ಗುಂಯ್ ಸದ್ದು ಇಳಿಯತೊಡಗಿತು. ಗಾಡಿ ನಿಂತಿತು.

ನನಗೆ ನಂಬಲಾಗಲಿಲ್ಲ. ಯಾರೂ ಕೇಳದ ಹಾಡು! ಕಣ್ಣು ಬಿಟ್ಟರೆ ಎದುರಿಗೆ ನಂಜಮಣ್ಣಿಯಕ್ಕ ಕೊತ್ತಂಬರಿ ಕಟ್ಟಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಕಣ್ಣು ಮಾತ್ರ ಅಗಲವಾಗಿ ಕಾಣುತ್ತಿದ್ದವು.

"ಅಯ್ಯೋ ಶಿವನೇ," ಅಂದಳು, "ಇದು ಗಾಡಿಗೆ ಅಂತ ಕಟ್ಟಿದ್ದೇನೇ ಸಂಪಂಗಿ? ಬೆಳಿಗ್ಗೆ ಮೇಲೆ ಗಾಡಿ ನಿಂತಾಗ ಬುಟ್ಟಿ ಇಳಿಸ್ತಾ ಇದನ್ನೇ ಗುನುಗಿಬಿಟ್ನಲ್ಲೇ! ದಿನಾ ಗೋಡೆಯಾಚೆಯಿಂದ ಕೇಳಿ ಕೇಳಿ ನಾಲಿಗೆಗೆ ಹತ್ಕೊಂಡಿತ್ತು. ಗಾಡಿ ನಿಂತಿದೆಯಲ್ಲ, ಪರವಾಗಿಲ್ಲ ಅಂದ್ಕೊಂಡೆ."

ಇಡೀ ಗಾಡಿ ಅವಳ ಕಡೆ ತಿರುಗಿತು. ಕೋಳಿಯ ಮುದುಕ ಹಣೆ ಚಚ್ಚಿಕೊಂಡ. ಚಕ್ರದ ಕೆಳಗೆ ಕಬ್ಬಿಣ ಒಮ್ಮೆ ಟಕ್ಕೆಂದಿತು. ಗಾಡಿ ಕೂರುವ ಮುಂಚೆ ಮಾಡುವ ಸದ್ದದು ಅಂತ ಎಲ್ಲರಿಗೂ ಗೊತ್ತು. ಮೇಷ್ಟ್ರ ಕಡೆ ನೋಡಿದೆ. ಅವರು ಟವೆಲು ಕಟ್ಟಿದ ಕೆನ್ನೆಯನ್ನು ಕಂಬಕ್ಕೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ತಲೆಯಲ್ಲಿ ಒಂದು ಸ್ವರವೂ ಇರಲಿಲ್ಲ. ಇದ್ದದ್ದು ಸಿಟ್ಟೊಂದೇ. ಏನಕ್ಕಾ ಇದು, ಅಂತ ಆ ಹೆಂಗಸಿಗೆ ಕೂಗಿ ಹೇಳಬೇಕಿತ್ತು. ಹೇಳೋಣವೆಂದರೆ ಬಾಯಲ್ಲಿ ಕ್ಲಾರಿನೆಟ್, ತೆಗೆದರೆ ಎಲ್ಲ ಮುಗಿಯಿತು. ತೆಗೆಯದೆಯೇ ಕೂಗಿದೆ. ಮೂರು ಸ್ವರ. ಮೊದಲನೆಯದು ಗುದ್ದಿದ ಹಾಗೆ, ಎರಡನೆಯದು ಗಿಡ್ಡ, ಮೂರನೆಯದು ಮೇಲಕ್ಕೆ ಹೋಗಿ ಬಾಗಿ ಬಿತ್ತು.

ಗಾಡಿ ಜಗ್ಗಿತು. ಗುಂಯ್ ಅಂತ ತವರು ಮತ್ತೆ ಎದ್ದಿತು.

"ಬಯ್ಯಬೇಡ್ವೇ, ನಂಗೇನು ಗೊತ್ತಿತ್ತು!" ಅಂದಳು ನಂಜಮಣ್ಣಿಯಕ್ಕ. ಬೈದದ್ದು ಅವಳಿಗೆ ಅರ್ಥವಾಗಿತ್ತು!

ನನ್ನ ಬಳಿ ಬೇರೇನೂ ಇರಲಿಲ್ಲವಾದ್ದರಿಂದ ಅದೇ ಮೂರು ಸ್ವರವನ್ನು ಮತ್ತೆ ಊದಿದೆ. ಊದಿದ ಮರುಗಳಿಗೆ ಸತ್ತೆ ಅಂದುಕೊಂಡೆ. ಹಳೆಯದು, ಈಗ ತಾನೇ ಕೇಳಿದ್ದು! ಗಾಡಿ ನಿಲ್ಲಲಿಲ್ಲ. ಅಷ್ಟರಲ್ಲಿ ಚಕ್ರಗಳು ಅತ್ತೆಮನೆಗೆ ಕಾಲಿಟ್ಟಿದ್ದವು. ತವರಿನಲ್ಲಿ ಗದರಿಕೆಯಾಗಿದ್ದ ಅದೇ ಮೂರು ಸ್ವರ ಇಲ್ಲಿ ಬೇಡಿಕೊಂಡ ಹಾಗೆ ಕೇಳಿಸಿತು. ನಂಜಮಣ್ಣಿಯಕ್ಕನ ಮುಖವೂ ಬದಲಾಯಿತು. ಅವಳು ಕೊತ್ತಂಬರಿ ಕೆಳಗಿಟ್ಟು, "ಅಳಬೇಡ್ವೇ" ಅಂದಳು.

ನಾನೂ ಒಂದೆರಡು ವರ್ಷ ಅತ್ತೆಮನೆ ಕಂಡು ಬಂದವಳು. ಇದು ನನಗೆ ಯಾಕೆ ಮೊದಲೇ ತಿಳಿಯಲಿಲ್ಲವೋ! ತವರಿನಲ್ಲಿ "ನನಗೆ ಹಸಿವಿಲ್ಲ" ಅಂದರೆ ಹಸಿವಿಲ್ಲ ಅಂತಲೇ. ಅದೇ ಮಾತನ್ನು ಅತ್ತೆಮನೆಯಲ್ಲಿ ಅಂದು ನೋಡಿ. ಮಾತು ಅದೇ, ಕೆಳಗಿನ ನೆಲ ಬೇರೆ. ಗಾಡಿಗೆ ಹಳೆಯದು ಆಗದು, ನಿಜ. ಆದರೆ ಇದು ಹಳೆಯದಾಗಿರಲಿಲ್ಲ. ಗಾಡಿಗೆ ಇಷ್ಟು ಗೊತ್ತಿತ್ತು, ಒಂದೊಂದು ಸ್ವರವನ್ನೂ ನೆನಪಿಟ್ಟುಕೊಂಡ ನನಗೆ ಗೊತ್ತಿರಲಿಲ್ಲ.

ಚಕ್ರಗಳು ತವರಿಗೆ ಮರಳಿದವು. ಎರಡು ಸಲ ಅದೇ ಪ್ರಶ್ನೆ ಕೇಳಿದ ಮೇಲೆ ಉತ್ತರ ಬೇಕಲ್ಲ, ಈಗ ಅದೇ ಮೂರು ಸ್ವರವನ್ನು ಕೆಳಮುಖ ಮಾಡಿ, ಆಗಲಿ ಬಿಡು ಅನ್ನುವ ಹಾಗೆ ಇಳಿಸಿದೆ. ಗಾಡಿ ಸರಾಗವಾಗಿ ಹೋಯಿತು. ಸಂತೆ ಬಂತು. ಸಂತೆಯಲ್ಲಿ ಮೆಲ್ಲಗೆ ಮಾತಾಡಿದರೆ ಯಾರು ಕೇಳುತ್ತಾರೆ? ಮೂರನೆಯ ಸ್ವರವನ್ನು ಎರ್ರಾಬಿರ್ರಿ ಎತ್ತಿದೆ. ಕಂಕುಳಲ್ಲಿದ್ದ ಕೋಳಿ ಬೆಚ್ಚಿ ಕೊಕ್ಕೊಕ್ಕೋ ಅಂದಿತು. ಆ ಸದ್ದನ್ನೂ ಎತ್ತಿಕೊಂಡು ಅದರ ಬಾಲಕ್ಕೆ ನನ್ನ ತುಣುಕು ಗಂಟುಹಾಕಿದೆ. ಜನ ಬಿದ್ದು ಬಿದ್ದು ನಕ್ಕರು. ತಿಮ್ಮಯ್ಯ ಪೆಟ್ಟಿಗೆಯ ಮೇಲೆ ಬೆರಳಲ್ಲಿ ತಟ್ಟತೊಡಗಿದ. ತಟ್ಟಬಾರದು ಅಂತ ನಿಯಮವೇನೂ ಇಲ್ಲ. ಆಮೇಲೆ ನಾನು ಸುಮ್ಮನಾದೆ, ಬೇಕೆಂದೇ, ಒಂದು ಪೂರಾ ಹೆಜ್ಜೆ, ವಾದ್ಯ ಬಾಯಲ್ಲೇ ಇಟ್ಟುಕೊಂಡು. ಆ ಖಾಲಿ ಜಾಗದಲ್ಲಿ ಗಾಡಿ ನಿಲ್ಲಲಿಲ್ಲ. ನಾನು ಏನು ಹೇಳುತ್ತೇನೋ ಅಂತ ಅದೂ ಕಾಯುತ್ತಿತ್ತು, ಜನರೂ ಕಾಯುತ್ತಿದ್ದರು. ಏನು ಹೇಳುತ್ತೇನೆಂದು ನನಗೂ ಗೊತ್ತಿರಲಿಲ್ಲ. ಭಯವಾಗಲಿಲ್ಲ. ಅಷ್ಟು ಖುಷಿ ನನಗೆ ಯಾವ ಮದುವೆಯಲ್ಲೂ ಆಗಿಲ್ಲ, ನನ್ನ ಮದುವೆಯಲ್ಲಂತೂ ಮೊದಲೇ ಇಲ್ಲ.

ಮೇಲ್ಪೇಟೆ ಬಂದದ್ದು ಗಾಡಿ ನಿಂತಮೇಲೇ ಗೊತ್ತಾಯಿತು. ಜನ ಹಾಲಿನ ಕ್ಯಾನು ಇಳಿಸಿಕೊಂಡರು, ಕೆಲಸವಿದ್ದವರು ಕೆಲಸಕ್ಕೆ ಹೋದರು. ನಂಜಮಣ್ಣಿಯಕ್ಕ ಒಂದು ಕಟ್ಟು ಕೊತ್ತಂಬರಿಯನ್ನು ನನ್ನ ಮಡಿಲಿಗೆ ಎಸೆದು, "ಇನ್ಮೇಲೆ ಅಡಿಗೆಮನೇಲಿ ನುಡಿಸಿದ್ರೆ ನಿನ್ನ ಕೈ ಮುರೀತೀನಿ" ಅಂದು ಹೊರಟಳು. ಮೇಷ್ಟ್ರು ಟವೆಲು ಸರಿಮಾಡಿಕೊಂಡು ಡಾಕ್ಟರ ಮನೆಯ ಕಡೆ ನಡೆದರು. ನನಗೆ ಏನಾದರೂ ಹೇಳುತ್ತಾರೆಂದು ಕಾದಿದ್ದೆ. ಅವರಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ ಅನ್ನುವುದು ಆಮೇಲೆ ನೆನಪಾಯಿತು.

ಸಂಜೆ ಇಳಿಯುವ ಗಾಡಿಗೆ ಅವರು ಬಂದರು. ಮುಂದಿನ ಹಲ್ಲುಗಳೆಲ್ಲ ಹೋಗಿದ್ದವು. ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದರು. ಹತ್ತಿದವರೇ ರೂಢಿಯಂತೆ ನೇರವಾಗಿ ಪೀಠದವರೆಗೆ ನಡೆದು ಬಂದು, ನಾನು ಕೂತಿರುವುದನ್ನು ನೋಡಿ ನಿಂತರು. ನಾನು ಏಳಲು ಹೋದೆ. ನನ್ನ ತಲೆಯ ಮೇಲೆ ಕೈಯಿಟ್ಟು ಕೂರಿಸಿ, ತಿರುಗಿ ಹೋಗಿ ಎದುರಿನ ಬೆಂಚಿನ ಮೇಲೆ ಕೂತರು. ಅವರು ಅಲ್ಲಿ ಕೂತದ್ದನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲ. ಪಕ್ಕದವರು ಅವರಿಗೆ ಜಾಗ ಬಿಡಲು ಗಾಬರಿಯಿಂದ ಸರಿದು ಸರಿದು ಬೆಂಚಿನ ತುದಿಗೆ ಹೋಗಿದ್ದರು. ನಾನು ಇಷ್ಟು ದಿನ ಬಯಸಿದ್ದು ನನಗೆ ಸಿಕ್ಕಿತ್ತು, ಆದರೆ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ದುಃಖವಾಯಿತು. ಆ ದುಃಖವನ್ನೇ ನುಡಿಸಿದೆ, ಗಾಡಿ ಇಳಿಯಿತು.

ಕೆಳಪೇಟೆಯಲ್ಲಿ ಎಲ್ಲರೂ ಇಳಿದರು. ಮೇಷ್ಟ್ರು ಕೂತೇ ಇದ್ದರು.

"ಮೇಷ್ಟ್ರೇ, ಕೆಳಪೇಟೆ ಬಂತು" ಅಂದೆ.

ಅವರು ಬಾಯಿಂದ ಹತ್ತಿ ತೆಗೆದು ಕಿಟಕಿಯಾಚೆ ಎಸೆದರು. "ಹೊರಡಮ್ಮ. ಇನ್ನೊಂದ್ಸಲ ಹತ್ತಿಸು." ಮಾತು ಹಲ್ಲಿಲ್ಲದೆ ಅಲ್ಲಲ್ಲಿ ಸೋರಿಹೋಗುತ್ತಿತ್ತು.

"ಯಾಕೆ, ಮೇಲೆ ಏನಾದ್ರೂ ಬಿಟ್ಟುಬಂದ್ರಾ?"

"ಇಲ್ಲ. ಇಷ್ಟು ವರ್ಷ ಹತ್ತಿದೀನಿ, ಇಳಿದಿದೀನಿ. ಮುಂದೇನು ಬರುತ್ತೋ ಅಂತ ಒಂದಿನಾನೂ ಹಾಯಾಗಿ ಕೂತು ಕೇಳಿಲ್ಲ."

ನಾನು ಕ್ಲಾರಿನೆಟ್ ಎತ್ತಿಕೊಂಡು ಕೇಳಿದೆ, "ಏನು ನುಡಿಸಲಿ?"

ಮೇಷ್ಟ್ರು ಬೆಂಚಿಗೆ ಒರಗಿ ಕಾಲು ಚಾಚಿದರು.

"ನನ್ನ ಕೇಳ್ತೀಯಾ? ನಾನು ಪ್ಯಾಸೆಂಜರ್ ಕಣಮ್ಮ."

ನಾನು ಕ್ಲಾರಿನೆಟ್ಟಿನ ಬಾಯಿಯ ರೀಡು ಒದ್ದೆ ಮಾಡಿಕೊಂಡು ಕೈಗೆ ಸಿಕ್ಕ ಸ್ವರ ಊದಿದೆ, ಗಾಡಿ ಹೊರಟಿತು.